ತಾಯಂದಿರ ವೈದ್ಯೆ ಅನ್ನಾ ಡೆಂಗೆಲ್

ಆಸ್ಟ್ರಿಯಾ ದೇಶದ ಸ್ಟೀಗ್ ಗ್ರಾಮದಲ್ಲಿ 1892ರಲ್ಲಿ ಜನಿಸಿದ ಅನ್ನಾ ಡೆಂಗೆಲ್ ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡರು. ಐರ್ಲೆಂಡಿನ ಕಾರ್ಕ್ ನಗರದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿ, 1920ರಲ್ಲಿ ಇಂದು ಪಾಕಿಸ್ತಾನದಲ್ಲಿರುವ ರಾವಲ್ಪಿಂಡಿಗೆ ಬಂದರು. ಸ್ತ್ರೀಯರಿಗೆಂದೇ ಅಲ್ಲಿ ಒಂದು ಆಸ್ಪತ್ರೆಯನ್ನು ಸ್ಥಾಪಿಸಿದ್ದವರು ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮೆಕ್ಲಾರೆನ್.

ಪರದೆಯೊಳಗಿನ ಸ್ತ್ರೀಯರು ಪುರುಷ ವೈದ್ಯರ ಮುಂದೆ ಬರುವಂತಿರಲಿಲ್ಲ. ಹೆರಿಗೆ ಕಷ್ಟವಾದಾಗ ನೆರವಿಲ್ಲದೆ ತಾಯಿಯೂ ಶಿಶುವೂ ಸಾಯುತ್ತಿದ್ದರು. ಈ ಸೇವೆಗೆ ಧರ್ಮಭಗಿನಿಯರಿಗಿಂತ ಯೋಗ್ಯರು ಯಾರು? ಆದರೆ ವ್ರತಧಾರಿಣಿಯರು ವೈದ್ಯವೃತ್ತಿ ನಡೆಸುವುದಕ್ಕೂ ಹೆರಿಗೆ ಮಾಡಿಸುವುದಕ್ಕೂ ಧರ್ಮಸಭೆಯ ನಿಯಮವೇ ಅಡ್ಡಿಯಾಗಿತ್ತು. ಸನ್ಯಾಸದ ಪಾವಿತ್ರ್ಯವನ್ನು ಕಾಯುವುದು ಅದರ ಉದ್ದೇಶ. ಉದ್ದೇಶವನ್ನು ನಾವು ಹಳಿಯಲಾರೆವು. ಆದರೆ ನಿಯಮವಿರುವುದು ಸರ್ವರ ಹಿತಕ್ಕಾಗಿ ಎಂಬುದನ್ನು ತತ್ತ್ವಶಾಸ್ತ್ರದ ಮೊದಲ ಪಾಠಗಳಲ್ಲಿಯೇ ನಾವು ಕಲಿಯುತ್ತೇವೆ.

ಅನ್ನಾ ನಿಯಮವನ್ನು ಮುರಿಯಲಿಲ್ಲ, ಸುಮ್ಮನೆ ಕೂರಲೂ ಇಲ್ಲ. ಅಮೆರಿಕದಲ್ಲಿ ಊರೂರು ತಿರುಗಿ, ಈ ತಾಯಂದಿರ ಸ್ಥಿತಿಯನ್ನು ವಿಶ್ವಾಸಿಗಳಿಗೆ ವಿವರಿಸಿ ನೆರವು ಕೂಡಿಸಿದರು. 1925ರಲ್ಲಿ ವಾಷಿಂಗ್ಟನ್‌ನಲ್ಲಿ ಇಬ್ಬರು ವೈದ್ಯೆಯರು, ಇಬ್ಬರು ದಾದಿಯರು ಸೇರಿ ಮೆಡಿಕಲ್ ಮಿಷನ್ ಭಗಿನಿಯರ ಸಂಘವನ್ನು ಆರಂಭಿಸಿದರು. ಬಹಿರಂಗ ವ್ರತಗಳಿಲ್ಲದೆಯೇ ಸನ್ಯಾಸಿನಿಯರಂತೆ ಬಾಳಿದರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಹೀಗೆಯೇ ಸಂದಿತು. ಕೊನೆಗೆ 1936ರ ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದ ದಿನ, ಧರ್ಮಭಗಿನಿಯರು ವೈದ್ಯೆಯರಾಗಿ ಹೆರಿಗೆ ಮಾಡಿಸಬಹುದೆಂದು ರೋಮ್ ಆಜ್ಞೆ ಹೊರಡಿಸಿತು.

ಪಾಟ್ನಾದಲ್ಲಿ ಈ ಭಗಿನಿಯರು ನಡೆಸುತ್ತಿದ್ದ ಹೋಲಿ ಫ್ಯಾಮಿಲಿ ಆಸ್ಪತ್ರೆಯಲ್ಲಿಯೇ 1948ರಲ್ಲಿ ಮದರ್ ತೆರೇಸಾ ಶುಶ್ರೂಷೆ ಕಲಿತರು. ಅನ್ನಾ 1980ರಲ್ಲಿ ರೋಮ್ ನಗರದಲ್ಲಿ ದೈವಾಧೀನರಾದರು.