ಒಂದೇ ಒಂದು ಸ್ಪಿಟ್‌ಫೈರ್ ನೋಡಿದವರು

ಸ್ಕೇಲ್ ಮಾಡೆಲ್ ಹುಚ್ಚು ಇರುವವರಿಗೆ ಸ್ಪಿಟ್‌ಫೈರ್ ಗೊತ್ತಿಲ್ಲದೇ ಇರೋಕೆ ಸಾಧ್ಯ ಇಲ್ಲ. ಎರಡನೇ ಮಹಾಯುದ್ಧದ ಈ ಬ್ರಿಟಿಷ್ ಫೈಟರ್ ವಿಮಾನದ ಪ್ಲಾಸ್ಟಿಕ್ ಕಿಟ್ ಅನ್ನು ಏರ್‌ಫಿಕ್ಸ್ ಕಂಪನಿ 1950ರ ದಶಕದಲ್ಲೇ ಮಾರುಕಟ್ಟೆಗೆ ತಂದಿತ್ತು. ನಿಜವಾದ ವಿಮಾನದ ರೆಕ್ಕೆಯ ಅಗಲ 11.23 ಮೀಟರ್. 1:72 ಸ್ಕೇಲ್‌ನಲ್ಲಿ ಅದು ಸುಮಾರು 15.6 ಸೆಂಟಿಮೀಟರ್, ಅಂದರೆ ಅಂಗೈ ಮೇಲೆ ಇಟ್ಟುಕೊಳ್ಳಬಹುದು. ಈಗಿನ ಕಿಟ್‌ಗಳಲ್ಲಿ ಕಾಕ್‌ಪಿಟ್ ಒಳಗಿನ ಸೀಟು, ರಿವೆಟ್ ಸಾಲು, ಚಕ್ರದ ಗೂಡು ಎಲ್ಲಾ ಇರುತ್ತೆ. ಪ್ರಪಂಚದಾದ್ಯಂತ ಲಕ್ಷಾಂತರ ಮೇಜುಗಳ ಮೇಲೆ ಈ ವಿಮಾನ ನಿಂತಿದೆ. ಆದರೆ ಇದನ್ನು ಡಿಸೈನ್ ಮಾಡಿದ ರೆಜಿನಾಲ್ಡ್ ಜೋಸೆಫ್ ಮಿಚೆಲ್ ತಮ್ಮ ಜೀವನದಲ್ಲಿ ನೋಡಿದ್ದು ಒಂದೇ ಒಂದು ಸ್ಪಿಟ್‌ಫೈರ್.

ಮಿಚೆಲ್ ಹುಟ್ಟಿದ್ದು 1895ರ ಮೇ 20ರಂದು, ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿ. ಸ್ಕೂಲಿನಲ್ಲಿದ್ದಾಗಲೇ ಮಾಡೆಲ್ ವಿಮಾನ ಮಾಡಿ ಹಾರಿಸುತ್ತಿದ್ದರು. ಆಗ ಕಿಟ್ ಎಲ್ಲಿತ್ತು, ಎಲ್ಲಾ ಕೈಯಲ್ಲೇ ಮಾಡಬೇಕಿತ್ತು. 16ನೇ ವಯಸ್ಸಿಗೆ ಸ್ಕೂಲು ಬಿಟ್ಟು, ರೈಲು ಇಂಜಿನ್ ತಯಾರಿಸುವ ಕೆರ್ ಸ್ಟುವರ್ಟ್ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆದರು. ಹಗಲು ವರ್ಕ್‌ಶಾಪ್, ರಾತ್ರಿ ಕ್ಲಾಸಿನಲ್ಲಿ ಡ್ರಾಯಿಂಗ್, ಮೆಕ್ಯಾನಿಕ್ಸ್, ಗಣಿತ. ನಾವು ಬೆಳಗ್ಗೆ 9ರ ಕ್ಲಾಸಿಗೆ ಆಕಳಿಸುತ್ತಾ ಓದುವ ಸಬ್ಜೆಕ್ಟ್‌ಗಳನ್ನೇ ಅವರು ಇಡೀ ದಿನದ ಕೆಲಸ ಮುಗಿಸಿ ಬಂದು ಓದುತ್ತಿದ್ದರು.

1917ರಲ್ಲಿ ಸೌತಾಂಪ್ಟನ್‌ನ ಸೂಪರ್‌ಮರೀನ್ ಕಂಪನಿ ಸೇರಿದರು. ಎರಡೇ ವರ್ಷಕ್ಕೆ ಚೀಫ್ ಡಿಸೈನರ್. ಕಂಪನಿ ಮಾಡುತ್ತಿದ್ದದ್ದು ನೀರಿನ ಮೇಲಿಂದ ಏರುವ ವಿಮಾನಗಳು. ಆಗ ಇಂಥ ವಿಮಾನಗಳ ರೇಸಿಗೆ ಷ್ನೈಡರ್ ಟ್ರೋಫಿ ಅಂತ ಇತ್ತು. 1925ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಮಿಚೆಲ್ ಅವರ ಎಸ್.4 ವಿಮಾನ ರೇಸಿಗೆ ಮೊದಲೇ ನೀರಿಗೆ ಬಿತ್ತು. ಪೈಲಟ್ ಬದುಕಿಕೊಂಡರು. ಮಿಚೆಲ್ ಮತ್ತೆ ಡ್ರಾಯಿಂಗ್ ಬೋರ್ಡ್ ಮುಂದೆ ಕೂತರು. 1927, 1929, 1931, ಮೂರು ಸಲವೂ ಅವರ ವಿಮಾನಗಳೇ ಗೆದ್ದವು, ಟ್ರೋಫಿ ಶಾಶ್ವತವಾಗಿ ಬ್ರಿಟನ್ನಿನದಾಯಿತು. 1931ರಲ್ಲಿ ಅವರ ಎಸ್.6ಬಿ ಗಂಟೆಗೆ 655 ಕಿ.ಮೀ. ವೇಗದಲ್ಲಿ ಹಾರಿ ವಿಶ್ವದಾಖಲೆ ಮಾಡಿತು.

ನಂತರ ಬಂದದ್ದು ಕಷ್ಟದ ಕಾಲ. 1933ರಲ್ಲಿ ಅವರಿಗೆ ಗುದನಾಳದ ಕ್ಯಾನ್ಸರ್ ಅಂತ ಗೊತ್ತಾಯಿತು. ದೊಡ್ಡ ಆಪರೇಷನ್ ಆಯಿತು, ಆಮೇಲೆ ಹೊಟ್ಟೆಗೆ ಚೀಲ ಕಟ್ಟಿಕೊಂಡೇ ಬದುಕಬೇಕಾಯಿತು. ಮುಂದಿನ ವರ್ಷ ಹಾರಿದ ಅವರ ಫೈಟರ್, ಟೈಪ್ 224, ಫೇಲ್ ಆಯಿತು. ದಪ್ಪ ರೆಕ್ಕೆ, ಒಳಗೆ ಮಡಚಿಕೊಳ್ಳದ ಚಕ್ರ, ಸದಾ ಕೈಕೊಡುವ ಕೂಲಿಂಗ್. ಕೊನೆಗೆ ಆರ್ಡರ್ ಹೋಗಿದ್ದು ಗ್ಲಾಸ್ಟರ್ ಕಂಪನಿಯ ಬೈಪ್ಲೇನ್‌ಗೆ. ಅದೇ 1934ರಲ್ಲಿ ಮಿಚೆಲ್ ಸ್ವತಃ ವಿಮಾನ ಓಡಿಸೋದು ಕಲಿತು ಪೈಲಟ್ ಲೈಸೆನ್ಸ್ ತಗೊಂಡರು. 224ಕ್ಕೆ ತೇಪೆ ಹಾಕುತ್ತಾ ಕೂರದೆ ಹೊಸ ವಿಮಾನವನ್ನೇ ಶುರು ಮಾಡಿದರು.

ಅವರ ಟೀಮ್ ತೆಗೆದುಕೊಂಡ ನಿರ್ಧಾರಗಳನ್ನು ಕಿಟ್ ಜೋಡಿಸುವಾಗ ಕೈಯಲ್ಲಿ ಹಿಡಿದೇ ನೋಡಬಹುದು. ರೆಕ್ಕೆ ಮೊಟ್ಟೆಯಾಕಾರ ಯಾಕೆ? ಡ್ರ್ಯಾಗ್ ಕಡಿಮೆ ಆಗಬೇಕೆಂದರೆ ರೆಕ್ಕೆ ತೆಳ್ಳಗಿರಬೇಕು, ಆದರೆ ಅದರೊಳಗೆ ಮಡಚಿದ ಚಕ್ರ ಮತ್ತು ಎಂಟು ಮೆಷಿನ್ ಗನ್ ಹಿಡಿಸಬೇಕು. ಈ ಆಕಾರದಲ್ಲಿ ರೆಕ್ಕೆ ಬುಡದಿಂದ ಸಾಕಷ್ಟು ದೂರದವರೆಗೆ ಅಗಲವಾಗಿರುವುದರಿಂದ, ತೆಳ್ಳಗಿದ್ದರೂ ಒಳಗೆ ಜಾಗ ಸಿಗುತ್ತೆ. ಇದರ ಲೆಕ್ಕಾಚಾರದಲ್ಲಿ ಕೆನಡಾದ ಬೆವರ್ಲಿ ಶೆನ್‌ಸ್ಟೋನ್ ಅವರ ಪಾಲು ದೊಡ್ಡದು. ಮೊದಲ ಮಾದರಿಗಳ ಕಿಟ್‌ನಲ್ಲಿ ರೆಕ್ಕೆಯ ಕೆಳಗಿನ ಎರಡು ಭಾಗಗಳು ಒಂದೇ ತರ ಇರಲ್ಲ: ಬಲಗಡೆ ದೊಡ್ಡ ರೇಡಿಯೇಟರ್, ಎಡಗಡೆ ಸಣ್ಣ ಆಯಿಲ್ ಕೂಲರ್. ಇನ್ನು ರಿವೆಟ್ ವಿಷಯ ಮಜಾ ಇದೆ. ಮಟ್ಟಸ ರಿವೆಟ್‌ಗೆ ಖರ್ಚು ಜಾಸ್ತಿ. ಹಾಗಾಗಿ ಸೂಪರ್‌ಮರೀನ್‌ನವರು ಬಟಾಣಿ ಬೇಳೆಗಳನ್ನು ರಿವೆಟ್ ಮೇಲೆ ಅಂಟಿಸಿ, ಉಬ್ಬಿದ ರಿವೆಟ್ ಹಾಕಿದರೆ ವೇಗ ಎಷ್ಟು ಇಳಿಯುತ್ತೆ ಅಂತ ಹಾರಿಸಿಯೇ ನೋಡಿದರು. ಎಲ್ಲಾ ಕಡೆ ಅಂಟಿಸಿದಾಗ ಗಂಟೆಗೆ ಸುಮಾರು 35 ಕಿ.ಮೀ. ಇಳಿಯಿತು. ಆಮೇಲೆ ಸಾಲು ಸಾಲಾಗಿ ಬೇಳೆ ಕೀಳುತ್ತಾ, ಎಲ್ಲಿ ಅಗ್ಗದ ರಿವೆಟ್ ನಡೆಯುತ್ತೆ ಅಂತ ಕಂಡುಕೊಂಡರು.

1936ರ ಮಾರ್ಚ್ 5ರಂದು ಕೆ5054 ಅನ್ನುವ ಮೊದಲ ಸ್ಪಿಟ್‌ಫೈರ್ ಈಸ್ಟ್‌ಲೀ ಮೈದಾನದಿಂದ ಹಾರಿತು. ಜೂನ್‌ನಲ್ಲಿ ಸರ್ಕಾರ 310 ವಿಮಾನಗಳಿಗೆ ಆರ್ಡರ್ ಕೊಟ್ಟಿತು. ಅಷ್ಟರಲ್ಲಿ ಕ್ಯಾನ್ಸರ್ ವಾಪಸ್ ಬಂದಿತ್ತು. 1937ರಲ್ಲಿ ವಿಯೆನ್ನಾಗೆ ಚಿಕಿತ್ಸೆಗೆ ಹೋದರು, ಪ್ರಯೋಜನವಾಗದೆ ಮರಳಿದರು. ಜೂನ್ 11ರಂದು ತೀರಿಕೊಂಡರು. ವಯಸ್ಸು ಬರೀ 42. ಕಾರ್ಖಾನೆಯಿಂದ ಎರಡನೇ ಸ್ಪಿಟ್‌ಫೈರ್ ಬಂದು ಹಾರಿದ್ದು 1938ರ ಮೇ ತಿಂಗಳಲ್ಲಿ.

ಆಮೇಲೆ ಜೋಸೆಫ್ ಸ್ಮಿತ್ ಅವರ ಮುಂದಾಳತ್ವದಲ್ಲಿ ಅದೇ ವಿಮಾನವನ್ನು ಸುಧಾರಿಸುತ್ತಾ ಹೋದರು. ಒಟ್ಟು 20,000ಕ್ಕೂ ಹೆಚ್ಚು ತಯಾರಾದವು. ನಮ್ಮ ಮೈಸೂರಿಗೂ ಇದರಲ್ಲಿ ನಂಟಿದೆ. ಮೈಸೂರು ಸಂಸ್ಥಾನದ ದೇಣಿಗೆಯ ನೆನಪಿಗೆ ಬ್ರಿಟಿಷ್ ವಾಯುಪಡೆಯ 129ನೇ ಸ್ಕ್ವಾಡ್ರನ್‌ಗೆ ಮೈಸೂರಿನ ಹೆಸರಿಟ್ಟರು. 1941ರಿಂದ ಆ ಸ್ಕ್ವಾಡ್ರನ್ ಸ್ಪಿಟ್‌ಫೈರ್ ಹಾರಿಸಿತು, ಅದರ ಲಾಂಛನ ನಮ್ಮ ಗಂಡಭೇರುಂಡ. ನಮ್ಮಲ್ಲಿ ಯಾರಾದರೂ ಸ್ಪಿಟ್‌ಫೈರ್ ಕಿಟ್ ಜೋಡಿಸುವುದಿದ್ದರೆ, ಪೇಂಟ್ ಬಳಿಯಲು ಆ ಸ್ಕ್ವಾಡ್ರನ್‌ನ ವಿಮಾನವನ್ನೇ ಆರಿಸಿಕೊಳ್ಳಬಹುದು. ಮಿಚೆಲ್ ಕಂಡ ಆ ಒಂದೇ ವಿಮಾನ, ಕೆ5054, ಈಗ ಇಲ್ಲ. ಬ್ರಿಟನ್ ಯುದ್ಧ ಸಾರಿದ ಮರುದಿನ, 1939ರ ಸೆಪ್ಟೆಂಬರ್ 4ರಂದು, ಫಾರ್ನ್‌ಬರೋದಲ್ಲಿ ಇಳಿಯುವಾಗ ಅಪಘಾತಕ್ಕೀಡಾಯಿತು. ಅದನ್ನು ಇವತ್ತು ನೋಡಬೇಕೆಂದರೆ ಯಾರಾದರೂ ಮತ್ತೆ ಮಾಡೆಲ್ ಮಾಡಿಯೇ ತೋರಿಸಬೇಕು.