ಮಹಾಶರಣೆ ಆಯ್ದಕ್ಕಿ ಲಕ್ಕಮ್ಮ

ಸಂಸಾರವೂ ಸಾಧನೆಯೂ ಒಂದೆಡೆ ನಿಲ್ಲಲಾರವೆಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ನಸುಕಿನಲ್ಲಿ ಅಂಗಳ ಸಾರಿಸುವುದರಿಂದ ಹಿಡಿದು ರಾತ್ರಿ ದೀಪ ಶಾಂತ ಮಾಡುವವರೆಗೆ ಗೃಹಕೃತ್ಯಗಳಲ್ಲಿಯೇ ಮುಳುಗಿರುವವರಿಗೆ ಶಿವನನ್ನು ನೆನೆಯಲು ಬಿಡುವೆಲ್ಲಿ? ಇನ್ನೂ ಬೇಕು, ಇನ್ನೂ ಸಾಲದು ಎಂಬ ಕಾತರದ ನಡುವೆ ದೊರೆತುದಕ್ಕೆ ಕೃತಜ್ಞರಾಗಿರಲು ಮನಸ್ಸೆಲ್ಲಿ? ಈ ಪ್ರಶ್ನೆ ಇಂದಿನ ಗೃಹಸ್ಥರದು ಮಾತ್ರವಲ್ಲ. ಎಂಟು ಶತಮಾನಗಳಿಗೂ ಹಿಂದೆ ಕಲ್ಯಾಣದ ಒಂದು ಬಡ ಗುಡಿಸಲಿನಲ್ಲಿ ಇದೇ ಪ್ರಶ್ನೆ ಎದ್ದಿತು. ಅದಕ್ಕೆ ಉತ್ತರವಿತ್ತವಳು ವಿದ್ವಾಂಸಳಲ್ಲ, ಅರಸಿಯಲ್ಲ. ಗಂಡ ತಂದ ಅಕ್ಕಿಯನ್ನು ಕೇರಿ, ಹರಳು ಆರಿಸಿ, ಒಲೆಯ ಮೇಲಿಡುತ್ತಿದ್ದ ಒಬ್ಬ ಗೃಹಿಣಿ. ಆಕೆಯೇ ಆಯ್ದಕ್ಕಿ ಲಕ್ಕಮ್ಮ.

ಲಕ್ಕಮ್ಮ ಮತ್ತು ಆಕೆಯ ಪತಿ ಮಾರಯ್ಯ ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನಲ್ಲಿರುವ ಅಮರೇಶ್ವರದ ಕಡೆಯವರು. ಆ ಕ್ಷೇತ್ರದ ದೈವವೇ ಅವರ ವಚನಗಳ ಅಂಕಿತವಾಯಿತು. ಹನ್ನೆರಡನೆಯ ಶತಮಾನದಲ್ಲಿ, ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಕೀರ್ತಿ ದಿಕ್ಕುದಿಕ್ಕಿಗೆ ಹಬ್ಬಿದಾಗ, ಅನೇಕರು ತಮ್ಮ ತಮ್ಮ ಊರುಗಳನ್ನು ಬಿಟ್ಟು ಕಲ್ಯಾಣದ ದಾರಿ ಹಿಡಿದರು. ಕೆಲವರು ಪಾಂಡಿತ್ಯವನ್ನು ಹೊತ್ತು ಬಂದರು, ಕೆಲವರು ವೈರಾಗ್ಯವನ್ನು ಹೊತ್ತು ಬಂದರು. ಈ ದಂಪತಿಗಳು ದುಡಿಯುವ ಎರಡು ಜೊತೆ ಕೈಗಳನ್ನು ಮಾತ್ರ ಹೊತ್ತು ಬಂದರು.

ಕಲ್ಯಾಣದಲ್ಲಿ ಯಾರೂ ಕೆಲಸವಿಲ್ಲದೆ ಕುಳಿತು ಉಣ್ಣುವಂತಿರಲಿಲ್ಲ. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಕಟ್ಟಿಗೆ ಹೊರುವ ಮೋಳಿಗೆಯ ಮಾರಯ್ಯ, ಬತ್ತ ಕುಟ್ಟುವ ಕೊಟ್ಟಣದ ಸೋಮಮ್ಮ ಮೊದಲಾದವರೆಲ್ಲರ ಹೆಸರಿನೊಡನೆಯೇ ಅವರ ಕಾಯಕವೂ ಬೆಸೆದುಕೊಂಡಿದೆ. ಮಾರಯ್ಯನು ಆರಿಸಿಕೊಂಡ ಕಾಯಕ ಇವೆಲ್ಲಕ್ಕಿಂತ ವಿಲಕ್ಷಣವಾದುದು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ದಾಸೋಹಕ್ಕಾಗಿ ಅಕ್ಕಿ ಬಂದು ಇಳಿಯುತ್ತಿದ್ದಿತು. ಅಳೆಯುವಾಗ, ಹೊರುವಾಗ ಕಾಳುಗಳು ನೆಲಕ್ಕೆ ಚೆಲ್ಲುತ್ತಿದ್ದವು. ಕಾಲಡಿಗೆ ಬಿದ್ದು ವ್ಯರ್ಥವಾಗಬಹುದಾಗಿದ್ದ ಆ ಕಾಳುಗಳನ್ನು ಮಾರಯ್ಯನು ಒಂದೊಂದಾಗಿ ಆಯ್ದು ತರುತ್ತಿದ್ದನು. ಆಯ್ದ ಅಕ್ಕಿಯಿಂದ ಬದುಕಿದವರಾದುದರಿಂದ ಅವರಿಗೆ ಆಯ್ದಕ್ಕಿ ಎಂಬ ವಿಶೇಷಣ ಬಂದಿತು.

ಈ ಕಾಯಕವನ್ನು ಭಿಕ್ಷೆಯೆಂದು ತಿಳಿಯಬಾರದು. ಮಾರಯ್ಯನು ಯಾರ ಮುಂದೆಯೂ ಕೈಯೊಡ್ಡಲಿಲ್ಲ. ನೆಲಕ್ಕೆ ಬಿದ್ದುದನ್ನು ಬೆನ್ನು ಬಾಗಿಸಿ ಆಯುವುದು ಶ್ರಮವೇ. ಅನ್ನ ಹಾಳಾಗದಂತೆ ಕಾಯುವುದು ಸಮಾಜಸೇವೆಯೇ. ತಂದ ಮೇಲೆ ಲಕ್ಕಮ್ಮನ ಕಾಯಕ ತೊಡಗುತ್ತಿದ್ದಿತು. ಅಂಗಳದ ಅಕ್ಕಿಯೆಂದ ಮೇಲೆ ಅದರಲ್ಲಿ ಮಣ್ಣು, ಹರಳು, ಹೊಟ್ಟು ಇದ್ದೇ ಇರುವುವು. ಮೊರದಲ್ಲಿ ಕೇರುವುದು, ತೊಳೆಯುವುದು, ಬೇಯಿಸುವುದು, ಲಿಂಗಕ್ಕೆ ಅರ್ಪಿಸಿ, ಬಂದ ಜಂಗಮಕ್ಕೆ ಬಡಿಸಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುವುದು. ಇದು ಆ ಮನೆಯ ನಿತ್ಯದ ನೇಮ. ದಿನದ ಅಕ್ಕಿ ದಿನಕ್ಕೆ ಮುಗಿಯಬೇಕು. ನಾಳೆಯದು ನಾಳೆಯ ಕಾಯಕದಿಂದಲೇ ಬರಬೇಕು.

ಕೃತಜ್ಞತೆಯೆಂಬುದನ್ನು ನಾವು ಸಾಮಾನ್ಯವಾಗಿ ಮಾತಿನ ವಿಷಯವೆಂದು ಭಾವಿಸುತ್ತೇವೆ. ಲಕ್ಕಮ್ಮನ ಮನೆಯಲ್ಲಿ ಅದು ಕ್ರಿಯೆಯಾಗಿದ್ದಿತು. ಬಂದ ಒಂದು ಹಿಡಿಯನ್ನು ತನ್ನದೆಂದು ಭಾವಿಸುವ ಮೊದಲೇ ಅದನ್ನು ಕೊಟ್ಟವನಿಗೆ ಸಲ್ಲಿಸುವುದು, ಸಲ್ಲಿಸಿ ಉಳಿದುದನ್ನು ಅವನ ಕೊಡುಗೆಯೆಂದು ಉಣ್ಣುವುದು. ಹೀಗೆ ಪ್ರತಿಯೊಂದು ತುತ್ತೂ ಉಪಕಾರಸ್ಮರಣೆಯಾಗುವ ಮನೆಯಲ್ಲಿ ಬೇರೆ ಬಿಡುವಿನ ವೇಳೆಯನ್ನು ಭಕ್ತಿಗಾಗಿ ಹುಡುಕಬೇಕಾದ ಅಗತ್ಯವೇ ಬೀಳಲಿಲ್ಲ.

ಲಕ್ಕಮ್ಮನ ಹಿರಿಮೆ ಬೆಳಕಿಗೆ ಬಂದುದು ಒಂದು ವಿಶೇಷ ದಿನ. ಶೂನ್ಯಸಂಪಾದನೆಯು ಆ ಪ್ರಸಂಗವನ್ನು ಆಯ್ದಕ್ಕಿ ಮಾರಯ್ಯನ ಸಂಪಾದನೆಯೆಂಬ ಭಾಗದಲ್ಲಿ ನಿರೂಪಿಸುತ್ತದೆ. ಕಾಯಕವನ್ನೂ ಕೈಲಾಸವನ್ನೂ ಒಂದುಗೂಡಿಸಿದ ಪ್ರಸಿದ್ಧ ನುಡಿಯನ್ನು ಅನೇಕರು ಬಸವಣ್ಣನವರದೆಂದು ಭಾವಿಸುವುದುಂಟು. ಅದು ದೊರೆಯುವುದು ಮಾರಯ್ಯನ ವಚನದಲ್ಲಿ. ಕಾಯಕದಲ್ಲಿ ತೊಡಗಿದವನು ಬೇರೆಲ್ಲವನ್ನೂ ಮರೆಯಬೇಕೆಂಬುದು ಆ ಶರಣನ ನಿಲುವು. ಅಂಥವನೇ ಒಂದು ದಿನ ಪ್ರಭುದೇವರ ಸನ್ನಿಧಿಯಲ್ಲಿ ಅನುಭಾವದ ಮಾತುಕತೆಯಲ್ಲಿ ಮೈಮರೆತನು. ಹೊತ್ತು ಏರಿತು. ಮಹಾಮನೆಯ ಅಂಗಳದ ಕಾಳುಗಳು ಆಯುವವನಿಲ್ಲದೆ ಬಿದ್ದಿದ್ದವು.

ಆಗ ಲಕ್ಕಮ್ಮನು ಗಂಡನನ್ನು ಎಚ್ಚರಿಸಿದಳು. ಕಾಯಕ ನಿಂತಿದೆ, ಮೊದಲು ಎದ್ದು ಹೋಗಬೇಕೆಂದು ತಿಳಿಸಿದಳು. ಎದುರಿಗಿರುವವರು ಅಲ್ಲಮಪ್ರಭುಗಳೆಂಬ ಅಂಜಿಕೆಯಾಗಲಿ, ತತ್ತ್ವಚಿಂತನೆಯ ನಡುವೆ ಮನೆಯ ಮಾತನ್ನು ತಂದೆನೆಂಬ ಸಂಕೋಚವಾಗಲಿ ಆಕೆಗೆ ಉಂಟಾಗಲಿಲ್ಲ. ಮಹಾನುಭಾವರ ಸಂಗವೂ ಕೂಡ ದಿನದ ಕರ್ತವ್ಯವನ್ನು ತಪ್ಪಿಸುವುದಾದರೆ ಅದು ಸಂಗವಲ್ಲ, ನೆಪ ಎಂಬುದನ್ನು ಆಕೆ ತನ್ನ ನಡೆಯಿಂದ ತೋರಿದಳು. ಮಾರಯ್ಯನು ಮರುಮಾತಾಡದೆ ಎದ್ದನು. ಹೆಂಡತಿಯ ಮಾತಿಗೆ ತಲೆಬಾಗುವುದು ಆತನಿಗೆ ಅಪಮಾನವೆಂದು ತೋರಲಿಲ್ಲವೆಂಬುದನ್ನೂ ನಾವು ಇಲ್ಲಿ ಗಮನಿಸಬೇಕು.

ಅವಸರದಿಂದ ಅಂಗಳಕ್ಕೆ ಹೋದ ಮಾರಯ್ಯನು ತಡವಾದ ತನ್ನ ತಪ್ಪನ್ನು ತುಂಬಿಕೊಡುವವನಂತೆ ಬೇಗ ಬೇಗ ಆಯ್ದನು. ಬಸವಣ್ಣನವರೇ ಕರುಣೆಯಿಂದ ಅಂದು ಹೆಚ್ಚು ಅಕ್ಕಿ ಚೆಲ್ಲಿಸಿದ್ದರೆಂದೂ ಹೇಳುವುದುಂಟು. ಹೇಗೂ ಇರಲಿ, ಎಂದಿನ ಅಳತೆಗಿಂತ ಹೆಚ್ಚಾದ ಅಕ್ಕಿಯ ಗಂಟು ಅಂದು ಮನೆಗೆ ಬಂದಿತು.

ಬಡವರ ಮನೆಗೆ ಒಂದು ದಿನ ಹೆಚ್ಚು ಅಕ್ಕಿ ಬಂದರೆ ಸಂತೋಷಪಡುವುದು ಲೋಕದ ರೂಢಿ. ನಾಳೆಗೂ ಆಯಿತೆಂದು ಗಡಿಗೆಯಲ್ಲಿ ಮುಚ್ಚಿಡುವ ಗೃಹಿಣಿಯನ್ನು ನಾವು ಜಾಣೆಯೆಂದು ಹೊಗಳುತ್ತೇವೆ. ಲಕ್ಕಮ್ಮನು ಗಂಟನ್ನು ನೋಡಿದೊಡನೆಯೇ ಅಳತೆ ಮೀರಿದುದನ್ನು ಕಂಡುಕೊಂಡಳು. ಇದು ತಮ್ಮ ನೇಮದ ಅಕ್ಕಿಯಲ್ಲವೆಂದೂ, ಇದನ್ನು ಆಯುವಾಗ ಗಂಡನ ಮನಸ್ಸು ಒಂದಾಗಿರದೆ ಎರಡಾಗಿತ್ತೆಂದೂ ಕೇಳಿದಳು. ಈ ಹೆಚ್ಚಿನದು ಬಸವಣ್ಣನವರ ಮನಸ್ಸಿನಿಂದ ಬಂದುದೋ, ನಿಮ್ಮ ಆಸೆಯಿಂದ ಬಂದುದೋ ಎಂದು ಶೋಧಿಸಿದಳು. ಆಸೆಯು ಅರಮನೆಗೆ ಸಲ್ಲಬಹುದು, ಭಕ್ತನ ಮನೆಗೆ ಸಲ್ಲದೆಂಬುದು ಆಕೆಯ ತೀರ್ಮಾನವಾಗಿದ್ದಿತು. ಹೆಚ್ಚಾದುದನ್ನು ತಂದ ಸ್ಥಳದಲ್ಲಿಯೇ ಸುರಿದು ಬರಬೇಕೆಂದು ಗಂಡನನ್ನು ಹಿಂದಕ್ಕೆ ಕಳುಹಿದಳು. ಮಾರಯ್ಯನು ಮತ್ತೆ ಮಹಾಮನೆಯ ಅಂಗಳಕ್ಕೆ ನಡೆದು ಅದನ್ನು ಅಲ್ಲಿಯೇ ಸುರಿದು ಬಂದನು.

ಈ ಪ್ರಸಂಗವನ್ನು ಪ್ರವಚನಗಳಲ್ಲಿ ಕೇಳುವಾಗ ನಾವು ಎರಡನೆಯ ಭಾಗವನ್ನಷ್ಟೇ ಮೆಚ್ಚಿಕೊಂಡು ಮೊದಲನೆಯದನ್ನು ಮರೆಯುವುದುಂಟು. ಒಂದೇ ದಿನದಲ್ಲಿ ಮಾರಯ್ಯನು ಎರಡು ಬಾರಿ ಎಡವಿದನು. ಮುಂಜಾನೆ ಆತನು ಮಾಡಬೇಕಾದುದಕ್ಕಿಂತ ಕಡಿಮೆ ಮಾಡಿದನು. ಬಳಿಕ ತರಬೇಕಾದುದಕ್ಕಿಂತ ಹೆಚ್ಚು ತಂದನು. ಒಂದು ಆಲಸ್ಯದಂತೆಯೂ ಇನ್ನೊಂದು ಆಸೆಯಂತೆಯೂ ತೋರುತ್ತದೆ. ಆದರೆ ಮೂಲದಲ್ಲಿ ಎರಡೂ ಒಂದೇ ದೋಷ: ಅಳತೆಯ ಮರೆವು. ಮೊದಲು ಕಾಯಕವನ್ನು ಬಿಟ್ಟವನು ಆಮೇಲೆ ಆ ಕೊರತೆಯನ್ನು ರಾಶಿಯಿಂದ ತುಂಬಿಕೊಳ್ಳಲು ಹವಣಿಸುತ್ತಾನೆ. ವರ್ಷವೆಲ್ಲ ಮನೆಮಂದಿಯೊಡನೆ ಕುಳಿತು ಉಣ್ಣದವನು ಹಬ್ಬದ ದಿನ ಬಂಗಾರ ತಂದು ಸಮಾಧಾನಪಡಿಸುವುದೂ ಇದೇ ಬಗೆಯದು. ಲಕ್ಕಮ್ಮನು ಎರಡು ಎಡವುಗಳನ್ನೂ ತಿದ್ದಿದಳು. ಆದುದರಿಂದ ಆಕೆಯ ತೃಪ್ತಿಯು ಕೆಲಸಗಳ್ಳನ ತೃಪ್ತಿಯಲ್ಲ. ದುಡಿಯಲೇಬೇಕೆಂಬ ಹಟವೂ, ದುಡಿದ ಅಳತೆಯಷ್ಟೇ ಸಾಕೆಂಬ ಹಟವೂ ಆಕೆಯಲ್ಲಿ ಒಟ್ಟಿಗಿದ್ದವು.

ಇಲ್ಲಿ ಒಂದು ಸಂದೇಹ ಏಳುವುದು ಸಹಜ. ಮಕ್ಕಳೊಂದಿಗರಾದ ಗೃಹಸ್ಥರು ನಾಳೆಗೆಂದು ಕೂಡಿಡಬಾರದೆ? ರೋಗ ರುಜಿನಗಳಿಗೆ, ಮಕ್ಕಳ ವಿದ್ಯೆಗೆ, ಮುಪ್ಪಿನ ಕಾಲಕ್ಕೆ ಕೂಡಿಡುವುದು ತಪ್ಪೆ? ಲಕ್ಕಮ್ಮನ ನಡೆಯನ್ನು ಅಕ್ಷರಶಃ ಅನುಸರಿಸುವುದು ಎಲ್ಲರಿಗೂ ಸಾಧ್ಯವಲ್ಲ. ಆಕೆ ಅದನ್ನು ಊರಿಗೆಲ್ಲ ವಿಧಿಸಲೂ ಇಲ್ಲ, ತನ್ನ ಗಂಡನನ್ನು ಮಾತ್ರ ಕೇಳಿದಳು. ಆಕೆ ಪರೀಕ್ಷಿಸಿದ್ದು ಗಂಟಿನ ತೂಕವನ್ನಲ್ಲ, ಅದನ್ನು ಹೊತ್ತು ತಂದ ಮನಸ್ಸನ್ನು. ಮನೆಗೆ ಬಂದ ಪದಾರ್ಥ ಯಾವ ಬಗೆಯಿಂದ ಬಂದಿತು, ಯಾರ ಪಾಲು ನಮ್ಮ ಗಡಿಗೆಯಲ್ಲಿ ಸೇರಿಕೊಂಡಿತು ಎಂದು ಒಮ್ಮೆಯಾದರೂ ವಿಚಾರಿಸುವ ಗೃಹಿಣಿ ಇರುವ ಮನೆಯಲ್ಲಿ ಕೂಡಿಟ್ಟುದೂ ಪವಿತ್ರವೇ ಆಗುತ್ತದೆ. ಕೇಳುವವರೇ ಇಲ್ಲದ ಮನೆಯಲ್ಲಿ ಒಂದು ಹೊತ್ತಿನ ಕೂಳೂ ಅನ್ಯರದಾಗಿರಬಹುದು.

ಬಸವಣ್ಣನವರು ಹೆಚ್ಚು ಅಕ್ಕಿ ಚೆಲ್ಲಿಸಿದ್ದರೆಂಬುದು ದಿಟವಾದರೆ ಈ ಕಥೆಗೆ ಇನ್ನೊಂದು ಮಗ್ಗುಲು ಉಂಟು. ಅದು ದಾನಿಯ ಕರುಣೆ. ಆ ಕರುಣೆಯನ್ನೂ ಲಕ್ಕಮ್ಮನು ವಿನಯದಿಂದಲೇ ಹಿಂದಿರುಗಿಸಿದಳು. ಮೋಳಿಗೆಯ ಮಾರಯ್ಯನ ವೃತ್ತಾಂತದಲ್ಲಿಯೂ ಇಂಥದೇ ಸಂಗತಿ ಇದೆ. ಆತನ ಬಡತನಕ್ಕೆ ಮರುಗಿ ಬಸವಣ್ಣನವರು ಗುಟ್ಟಾಗಿ ಇಟ್ಟುಬಂದ ಹೊನ್ನನ್ನು ಆ ದಂಪತಿಗಳು ತಮ್ಮದೆನ್ನದೆ ಜಂಗಮಕ್ಕೆ ಸಲ್ಲಿಸಿಬಿಟ್ಟರು. ಮಹಾದಾನಿಯಾದ ಭಂಡಾರಿಗೆ ಕಟ್ಟಿಗೆ ಮಾರುವವನೂ ಅಕ್ಕಿ ಆಯುವವಳೂ ಕಲಿಸಿದ ಪಾಠ ಒಂದೇ. ಕೊಡುವವನಿಗೆ ಧರ್ಮವಿರುವಂತೆ ಕೊಳ್ಳುವವನಿಗೂ ಧರ್ಮವಿದೆ. ಕೊಡುವ ಕೈ ಕೊಳ್ಳುವವನ ಮಾನವನ್ನು ಮರೆಯಬಾರದು. ಬಸವಣ್ಣನವರು ಆ ಪಾಠವನ್ನು ತಲೆಬಾಗಿ ಸ್ವೀಕರಿಸಿದುದು ಅವರ ದೊಡ್ಡತನ.

ಅಕ್ಕಿಯನ್ನು ಹಿಂದಿರುಗಿಸಿದ ಮನೆಯೇ ಮುಂದೆ ದಾಸೋಹಕ್ಕೆ ಸಿದ್ಧವಾಯಿತು. ಬಸವಣ್ಣನವರನ್ನೂ ಕಲ್ಯಾಣದ ಒಂದು ಲಕ್ಷದ ತೊಂಬತ್ತಾರು ಸಾವಿರ ಜಂಗಮರನ್ನೂ ಈ ದಂಪತಿಗಳು ತಮ್ಮ ಮನೆಗೆ ಬಿನ್ನಹ ಮಾಡಿಕೊಂಡರೆಂದೂ, ಎಂದಿನ ಆಯ್ದ ಅಕ್ಕಿಯಿಂದಲೇ ಅಷ್ಟು ಜನಕ್ಕೆ ತೃಪ್ತಿಯಾಗುವಂತೆ ಬಡಿಸಿದರೆಂದೂ ಸಂಪ್ರದಾಯ ಹೇಳುತ್ತದೆ. ಇದನ್ನು ಪವಾಡವೆಂದು ನಂಬುವವರು ನಂಬಲಿ. ಭಕ್ತನಿಗೆ ಬಡತನವೆಂಬುದೇ ಇಲ್ಲವೆಂದು ಲಕ್ಕಮ್ಮನು ತಿಳಿದಿದ್ದಳು. ಆ ತಿಳಿವಿಗೆ ಜನ ಕೊಟ್ಟ ರೂಪವೇ ಈ ಕಥೆಯೆಂದು ಅರಿಯುವವರು ಹಾಗೆ ಅರಿಯಲಿ. ಒಂದು ಮಾತಂತೂ ನಿಶ್ಚಯ. ನನಗೇ ಸಾಲದೆನ್ನುವವನ ಕಣಜದಲ್ಲಿ ಒಬ್ಬ ಅತಿಥಿಗೂ ಅನ್ನವಿರುವುದಿಲ್ಲ. ನನಗೆ ಸಾಕೆನ್ನುವವಳ ಗಡಿಗೆಯಲ್ಲಿ ಬಂದವರಿಗೆಲ್ಲ ಪಾಲಿರುತ್ತದೆ.

ಲಕ್ಕಮ್ಮನ ಇಪ್ಪತ್ತೈದು ವಚನಗಳು ಇಂದು ದೊರೆತಿವೆ; ಮಾರಯ್ಯನವು ಮೂವತ್ತೆರಡು. ಮಾರಯ್ಯನ ಅಂಕಿತ ಅಮರೇಶ್ವರಲಿಂಗ. ಲಕ್ಕಮ್ಮನದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಈ ಅಂಕಿತವೇ ಆಕೆಯ ಬಾಳಿನ ಭಾಷ್ಯದಂತಿದೆ. ದೇವರನ್ನು ಕರೆಯುವಾಗಲೆಲ್ಲ ಆಕೆ ಗಂಡನ ಹೆಸರನ್ನು ಬಿಡಲಿಲ್ಲ. ಗಂಡನನ್ನು ತಿದ್ದುವಾಗಲೂ ದೇವರ ಹೆಸರನ್ನು ಬಿಡಲಿಲ್ಲ. ಸಂಸಾರವೂ ಭಕ್ತಿಯೂ ಆಕೆಯ ಬಾಯಲ್ಲಿ ಒಂದೇ ಪದವಾಗಿ ಕೂಡಿಕೊಂಡವು. ಕಡೆಯಲ್ಲಿ ಐಕ್ಯದ ಅರಿವನ್ನು ಅರಸಿದ ಮಾರಯ್ಯನಿಗೆ ಆ ದಾರಿಯನ್ನು ತೋರಿದವಳೂ ಲಕ್ಕಮ್ಮನೇ ಎಂದು ಶೂನ್ಯಸಂಪಾದನೆ ನಿರೂಪಿಸುತ್ತದೆ. ಸತಿಯೇ ಗುರುವಾದ ಇಂಥ ಸಂದರ್ಭವನ್ನು ಹದಿನೈದನೆಯ ಶತಮಾನದ ಸಂಕಲನಕಾರರು ಮರೆಮಾಚದೆ ಗೌರವದಿಂದ ಉಳಿಸಿಕೊಟ್ಟರು. ತಾಳೆಗರಿಗಳಲ್ಲಿ ಹುದುಗಿದ್ದ ಶರಣರ ವಾಣಿಯನ್ನು ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದು ನಾಡಿನ ಕೈಗಿತ್ತರು. 1993ರಲ್ಲಿ ಕರ್ನಾಟಕ ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳು ಹದಿನೈದು; ಅವುಗಳಲ್ಲಿ ಐದನೆಯದು ಶಿವಶರಣೆಯರಿಗೇ ಮೀಸಲಾಗಿದೆ. ಮೊರ ಹಿಡಿದ ಕೈಯ ಮಾತು ಇಂದು ಗ್ರಂಥಭಂಡಾರಗಳಲ್ಲಿ ಪಂಡಿತರ ಮಾತಿನೊಡನೆ ಸಮಸಮವಾಗಿ ನಿಂತಿದೆ.

ಹಿಡಿ ಹಿಡಿಯಾಗಿ ಭಕ್ತರು ನೀಡಿದ ಧಾನ್ಯದಿಂದ ನಡೆದು ಬಂದ ವಿದ್ಯಾಸಂಸ್ಥೆಗಳಿಗೆ ಲಕ್ಕಮ್ಮನು ದೂರದವಳಲ್ಲ. ಪ್ರಸಾದನಿಲಯದ ಪಂಕ್ತಿಯಲ್ಲಿ ಕುಳಿತು ಉಂಡು ಓದಿದ ಹಳೆಯ ವಿದ್ಯಾರ್ಥಿಗಳು ತಮ್ಮ ತಟ್ಟೆಗೆ ಬಿದ್ದ ಅನ್ನ ಯಾವ ಮನೆಯ ಯಾವ ತಾಯಿಯ ಹಿಡಿಯಿಂದ ಬಂದಿತೆಂದು ಅರಿಯರು. ಅರಿಯದ ಆ ತಾಯಿಗೆ ಋಣ ಸಲ್ಲಿಸುವ ದಾರಿಯೂ ಒಂದೇ: ತಮ್ಮ ಮನೆಯಲ್ಲಿ ಅಂಥದೇ ಒಂದು ಹಿಡಿಯನ್ನು ತೆಗೆದಿಡುವುದು. ಪಾಠದ ಹೊತ್ತಿನಲ್ಲಿ ಬೇರೆ ಎಷ್ಟೇ ಘನವಾದ ಮಾತುಕತೆ ನಡೆದಿದ್ದರೂ ಎದ್ದು ತರಗತಿಗೆ ನಡೆಯುವ ಶಿಕ್ಷಕನಲ್ಲಿ ಲಕ್ಕಮ್ಮನ ಎಚ್ಚರಿಕೆ ಇಂದಿಗೂ ಜೀವಂತವಾಗಿದೆ. ಕೊಟ್ಟು ಹೆಸರು ಬಯಸದ ದಾನಿಯಲ್ಲಿ ಆಕೆಯ ಸಮಾಧಾನವಿದೆ.

ಸಂಜೆ ದುಡಿದು ದಣಿದು ಬಂದು, ಮಕ್ಕಳ ಗಲಾಟೆಯ ನಡುವೆ, ಒಲೆಯ ಮುಂದೆ ನಿಂತ ತಾಯಿಗೆ ಪೂಜೆಗೆ ಕೂಡುವ ಪುರುಸೊತ್ತು ದೊರೆಯದಿರಬಹುದು. ಅಕ್ಕಿ ಅಳೆಯುವಾಗ ಒಂದು ಕ್ಷಣ ಕೈ ನಿಲ್ಲಿಸಿ, ಇದು ಬಂದುದೆಲ್ಲಿಂದ, ಇದರಲ್ಲಿ ಯಾರ ಪಾಲಿದೆ ಎಂದು ನೆನೆದರೆ ಸಾಕು. ಆ ಕ್ಷಣದಲ್ಲಿ ಆ ಅಡುಗೆಮನೆ ಕಲ್ಯಾಣವಾಗುತ್ತದೆ. ಅಳೆಯುವ ಕೈ ಲಕ್ಕಮ್ಮನ ಕೈಯಾಗುತ್ತದೆ. ಆ ಮಹಾಶರಣೆಗೆ ಶರಣು.