ಜನಪದದ ಜಾಡಿನಲ್ಲಿ ಬಾರ್ಟೋಕ್

ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯ ಸಂಗೀತಕ್ಕೆ ಹಳ್ಳಿಯ ಹಾಡಿನ ಕಸುವು ತುಂಬಿದವರಲ್ಲಿ ಹಂಗೇರಿಯ ಬೇಲಾ ಬಾರ್ಟೋಕ್ ಅಗ್ರಗಣ್ಯರು. ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೊ ಕೂಡಿದ ಪುಟ್ಟ ಮೇಳಕ್ಕೆಂದು ಅವರು ರಚಿಸಿದ ಆರು ಕ್ವಾರ್ಟೆಟ್‌ಗಳಲ್ಲಿ ಅವರ ಬದುಕಿನ ಪಥವೇ ಅಡಗಿದೆ.

1881ರ ಮಾರ್ಚ್ 25ರಂದು ಅವರು ಜನಿಸಿದ ಊರು ಅಂದು ಹಂಗೇರಿಯಲ್ಲಿತ್ತು, ಇಂದು ರುಮೇನಿಯಾದಲ್ಲಿದೆ. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡ ಅವರಿಗೆ ಶಾಲಾ ಶಿಕ್ಷಕಿಯಾಗಿದ್ದ ತಾಯಿಯೇ ಪಿಯಾನೊದ ಮೊದಲ ಗುರು. 1904ರಲ್ಲಿ ಟ್ರಾನ್ಸಿಲ್ವೇನಿಯಾದ ಮನೆಗೆಲಸದ ಯುವತಿ ಲಿಡಿ ದೋಶಾ ಹಾಡುತ್ತಿದ್ದುದು ಅವರ ಕಿವಿಗೆ ಬಿತ್ತು. ನಗರಗಳಲ್ಲಿ ಹಂಗೇರಿಯ ಸಂಗೀತವೆಂದು ಮೆರೆಯುತ್ತಿದ್ದುದಕ್ಕಿಂತ ರೈತರ ಹಾಡು ತೀರಾ ಭಿನ್ನವೆಂಬುದು ಅವರಿಗೆ ಕ್ರಮೇಣ ಮನದಟ್ಟಾಯಿತು. ಮರುವರ್ಷ ಜೋಲ್ತಾನ್ ಕೊಡಾಯ್ ಅವರ ಸ್ನೇಹ ಲಭಿಸಿತು. ಮೇಣದ ಸಿಲಿಂಡರಿನ ಫೋನೋಗ್ರಾಫ್ ಹೊತ್ತು ಹಂಗೇರಿ, ಸ್ಲೊವಾಕ್ ಹಾಗೂ ರುಮೇನಿಯನ್ ಹಳ್ಳಿಗಳಲ್ಲಿ ಬಾರ್ಟೋಕ್ ಸಾವಿರಾರು ಹಾಡುಗಳನ್ನು ಸಂಗ್ರಹಿಸಿದರು. 1913ರಲ್ಲಿ ಅಲ್ಜೀರಿಯಾಕ್ಕೂ 1936ರಲ್ಲಿ ಟರ್ಕಿಗೂ ಹೋಗಿಬಂದರು.

ಜನಪದ ಧಾಟಿಗಳನ್ನು ಹಾಗೆಯೇ ತಂದು ಪೋಣಿಸುವುದು ಈ ಕ್ವಾರ್ಟೆಟ್‌ಗಳ ಬಗೆಯಲ್ಲ. ಆ ಹಾಡುಗಳ ಸ್ವರಕ್ರಮ, ಲಯ, ಒರಟುತನಗಳೇ ಅವುಗಳ ಮೂಳೆಮಾಂಸವಾದವು. 1928ರ ನಾಲ್ಕನೆಯ ಕ್ವಾರ್ಟೆಟ್‌ನ ಒಂದು ಭಾಗವನ್ನು ಕಮಾನು ಮುಟ್ಟದೆ, ಕೇವಲ ತಂತಿ ಮೀಟಿ ನುಡಿಸಬೇಕು. 1934ರ ಐದನೆಯದರಲ್ಲಿ ಬಲ್ಗೇರಿಯಾದ ಲಯವಿದ್ದು, 9 ಮಾತ್ರೆಗಳು 4, 2, 3 ಎಂದು ವಿಭಜನೆಗೊಳ್ಳುತ್ತವೆ. ತಾಳದ ಲೆಕ್ಕ ಬಲ್ಲ ನಮ್ಮ ಕೇಳುಗರಿಗೆ ಇದು ಪರಕೀಯವೆನಿಸದು.

ಜನಪದವನ್ನು ಒಂದು ದೇಶದ ಸೊತ್ತಾಗಿ ಕಾಣದ ಈ ನಿಲುವಿಗೆ ಅವರು ಬೆಲೆ ತೆರಬೇಕಾಯಿತು. ರುಮೇನಿಯನ್ ಜನಪದ ಸಂಗೀತದ ಕುರಿತು ಬರೆದುದಕ್ಕಾಗಿ 1920ರಲ್ಲಿ ಸ್ವದೇಶದಲ್ಲೇ ದೇಶದ್ರೋಹದ ಆರೋಪ ಹೊತ್ತರು. ನಾಜಿಗಳ ಪ್ರಾಬಲ್ಯ ಹೆಚ್ಚಿದಾಗ ಹಂಗೇರಿ ಅವರಿಗೆ ಉಸಿರುಗಟ್ಟಿಸತೊಡಗಿತು. ಆದರೆ ವೃದ್ಧ ತಾಯಿಯನ್ನು ಬಿಟ್ಟುಹೋಗಲು ಮನಸ್ಸಾಗಲಿಲ್ಲ. 1939ರಲ್ಲಿ ಬರೆದ ಆರನೆಯ ಕ್ವಾರ್ಟೆಟ್‌ನ ನಾಲ್ಕೂ ಭಾಗಗಳು ಒಂದೇ ಶೋಕದ ಧಾಟಿಯಿಂದ ತೊಡಗುತ್ತವೆ. ಕೊನೆಗೆ ಚುರುಕಿನ ಕುಣಿತವಿರಲೆಂದು ಮೊದಲು ಯೋಜಿಸಿದ್ದ ಅವರು ಅದನ್ನು ಕೈಬಿಟ್ಟು, ಅಂತಿಮ ಭಾಗವನ್ನು ಆ ಶೋಕಕ್ಕೇ ಒಪ್ಪಿಸಿದರು. ಅದೇ ಡಿಸೆಂಬರಿನಲ್ಲಿ ತಾಯಿ ತೀರಿಕೊಂಡರು.

1940ರಲ್ಲಿ ಪತ್ನಿ ಡಿಟ್ಟಾ ಅವರೊಂದಿಗೆ ಅಮೆರಿಕಕ್ಕೆ ತೆರಳಿದ ಬಾರ್ಟೋಕ್, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸರ್ಬೊ-ಕ್ರೊಯೇಷಿಯನ್ ಜನಪದ ಗೀತೆಗಳ ಅಧ್ಯಯನದಲ್ಲಿ ತೊಡಗಿದರು. 1945ರ ಸೆಪ್ಟೆಂಬರ್ 26ರಂದು ನ್ಯೂಯಾರ್ಕಿನಲ್ಲಿ ರಕ್ತದ ಕ್ಯಾನ್ಸರಿನಿಂದ ನಿಧನರಾದರು. ಅವರ ಪಾರ್ಥಿವ ಅವಶೇಷಗಳು ಬುಡಾಪೆಸ್ಟ್ ಸೇರಲು 1988ರವರೆಗೆ ಕಾಯಬೇಕಾಯಿತು. ಗಡಿಗಳು ಬದಲಾದರೂ ಅಂದು ಅವರು ಮೇಣದ ಮೇಲೆ ಹಿಡಿದಿಟ್ಟ ಹಳ್ಳಿಗರ ದನಿ ಇಂದಿಗೂ ಆ ನಾಲ್ಕು ವಾದ್ಯಗಳಲ್ಲಿ ಜೀವಂತವಾಗಿದೆ.